ವಕೀಲರನ್ನು ಇಟ್ಟುಕೊಳ್ಳಲಾಗದ ಚಿಕ್ಕ ಫ್ಯಾಕ್ಟರಿಯವರು ಲೇಬರ್ ಕೇಸ್ ಬೀಳದಂತೆ ಏನೇನು ನೋಡಿಕೊಳ್ಳಬೇಕು?

ಪ್ರಶ್ನೆ: ತುಮಕೂರಿನ ಅಂತರಸನಹಳ್ಳಿಯಲ್ಲಿ ಅಪ್ಪನ ಕಾಲದಿಂದ ನಮ್ಮದೊಂದು ಚಿಕ್ಕ ಫ್ಯಾಕ್ಟರಿ ಇದೆ. 24 ಜನ ಕೆಲಸಕ್ಕಿದ್ದಾರೆ. ಆರು ವರ್ಷದಿಂದ ಇದ್ದ ಆಪರೇಟರ್ ಒಬ್ಬ ಮಧುಗಿರಿ ದಂಡಿನ ಮಾರಮ್ಮನ ಜಾತ್ರೆಗೆ ಅಂತ ರಜೆ ಹಾಕಿ ಹೋದವನು ಮೂರು ವಾರವಾದರೂ ಬಂದಿಲ್ಲ, ಫೋನ್ ಎತ್ತುತ್ತಿಲ್ಲ. ಬೇರೆಯವರನ್ನು ತೆಗೆದುಕೊಂಡರೆ ಕೇಸ್ ಆಗುತ್ತಾ? ಇನ್ನೇನು ನೋಡಿಕೊಳ್ಳಬೇಕು?

ಉತ್ತರ:

ನಾನೂ ವಕೀಲನಲ್ಲ. ವಸಂತನರಸಾಪುರದ ಒಂದು ಕಾರ್ಖಾನೆಯಲ್ಲಿ ಹಾಜರಿ, ಸಂಬಳ, ಪಿಎಫ್ ನೋಡಿಕೊಳ್ಳುವವನು. ಲೇಬರ್ ಆಫೀಸಿಗೆ ಓಡಾಡಿ ತಿಳಿದುಕೊಂಡದ್ದನ್ನು ಹೇಳುತ್ತೇನೆ.

ಮೊದಲು ಆಪರೇಟರ್ ವಿಷಯ. ಅವನ ಮೆಷಿನ್‌ಗೆ ಬೇರೆಯವರನ್ನು ಹಾಕಿ, ಪರವಾಗಿಲ್ಲ. ಆದರೆ ಹಾಜರಿ ಪುಸ್ತಕದಲ್ಲಿ ಅವನ ಹೆಸರು ಈಗಲೇ ಹೊಡೆದುಹಾಕಬೇಡಿ. "ಅವನೇ ಬಿಟ್ಟು ಹೋದ ಸಾರ್" ಅಂತ ನೀವು ಹೇಳುತ್ತೀರಿ. "ಗೇಟಲ್ಲೇ ತಡೆದು ವಾಪಸ್ ಕಳಿಸಿದರು" ಅಂತ ಅವನು ಹೇಳುತ್ತಾನೆ. ನಾಲ್ಕು ತಿಂಗಳಾದ ಮೇಲೆ ಯಾರ ಮಾತು ನಿಜ ಅಂತ ಯಾರಿಗೆ ಗೊತ್ತು? ಆಗ ಮಾತಾಡುವುದು ಕಾಗದ. ಕೆಲಸದಿಂದ ತೆಗೆದದ್ದು ತಪ್ಪು ಅಂತಾದರೆ, ಅವನನ್ನು ವಾಪಸ್ ತೆಗೆದುಕೊಂಡು ಹಿಂಬಾಕಿ ಸಂಬಳ ಕೊಡಿ ಅಂತ ಆದೇಶ ಆಗಬಹುದು.

ಅದಕ್ಕೇ ಇವತ್ತೇ ಒಂದು ಪತ್ರ ಬರೆಯಿರಿ. ಕನ್ನಡದಲ್ಲೇ ಬರೆಯಿರಿ, ಅವನಿಗೆ ಅರ್ಥವಾಗಬೇಕಲ್ವಾ. ದೊಡ್ಡ ಭಾಷೆ ಏನೂ ಬೇಡ, ಇಷ್ಟು ಸಾಕು:

"ನಿಮ್ಮ ರಜೆ ಇಂಥ ತಾರೀಖಿಗೆ ಮುಗಿದಿದೆ. ಅಲ್ಲಿಂದ ಇವತ್ತಿನವರೆಗೆ ನೀವು ಕೆಲಸಕ್ಕೆ ಬಂದಿಲ್ಲ, ರಜೆ ಮುಂದುವರಿಸಿ ಅಂತಲೂ ಕೇಳಿಲ್ಲ. ಈ ಪತ್ರ ತಲುಪಿದ 7 ದಿನದೊಳಗೆ ಕೆಲಸಕ್ಕೆ ಬನ್ನಿ, ಬಾರದಿದ್ದಕ್ಕೆ ಕಾರಣ ಬರೆದುಕೊಡಿ. ಹುಷಾರಿಲ್ಲದಿದ್ದರೆ ಡಾಕ್ಟರ್ ಚೀಟಿ ತನ್ನಿ. ನಿಮ್ಮ ಕೆಲಸ ಹಾಗೇ ಇದೆ."

ಆ ಕೊನೆಯ ಸಾಲು ಬಿಡಬೇಡಿ. ಬಾಗಿಲು ನೀವು ಮುಚ್ಚಿಲ್ಲ ಅನ್ನುವುದಕ್ಕೆ ಅದೇ ಸಾಕ್ಷಿ. ಪತ್ರವನ್ನು ಆಧಾರ್‌ನಲ್ಲಿರುವ ಊರಿನ ವಿಳಾಸಕ್ಕೂ ಕಳಿಸಿ, ತುಮಕೂರಿನ ಬಾಡಿಗೆ ಮನೆ ವಿಳಾಸಕ್ಕೂ ಕಳಿಸಿ. ರಿಜಿಸ್ಟರ್ ಪೋಸ್ಟ್ ಈಗ ಪ್ರತ್ಯೇಕವಾಗಿ ಇಲ್ಲ, 2025ರಲ್ಲಿ ಸ್ಪೀಡ್ ಪೋಸ್ಟ್ ಜೊತೆ ಸೇರಿಸಿಬಿಟ್ಟಿದ್ದಾರೆ. ಕೌಂಟರಿನಲ್ಲಿ ಸ್ಪೀಡ್ ಪೋಸ್ಟ್‌ಗೆ ರಿಜಿಸ್ಟ್ರೇಷನ್ ಸೇರಿಸಿ ಅಂತ ಕೇಳಿ. ರಸೀದಿಯನ್ನು ಪತ್ರದ ಪ್ರತಿಗೆ ಪಿನ್ ಮಾಡಿ ಇಡಿ. ಕವರ್ ವಾಪಸ್ ಬಂದರೆ ಒಡೆಯಬೇಡಿ, ಪೋಸ್ಟ್‌ಮ್ಯಾನ್ ಷರಾ ಸಮೇತ ಹಾಗೇ ಫೈಲಿಗೆ ಹಾಕಿ.

ಉತ್ತರ ಬರದಿದ್ದರೆ ಇನ್ನೊಂದು ಪತ್ರ, ಮತ್ತೊಂದು ಪತ್ರ. ಮಧ್ಯೆ ಅವನು ಬಂದರೆ ಒಳಗೆ ಬಿಡಿ, ಕಾರಣ ಬರೆಸಿಕೊಳ್ಳಿ. ಬರಲೇ ಇಲ್ಲ ಅಂದರೆ ಆರೋಪ ಪತ್ರ, ವಿಚಾರಣೆ, ಆಮೇಲೆ ಆದೇಶ. ಆ ಹಂತಕ್ಕೆ ಬಂದಾಗ ಮಾತ್ರ ಲೇಬರ್ ಕೇಸ್ ನೋಡುವ ವಕೀಲರಿಗೆ ಒಂದು ಸಲದ ಫೀಸ್ ಕೊಟ್ಟು ಕಾಗದ ತೋರಿಸಿ. ವರ್ಷಪೂರ್ತಿ ಇಟ್ಟುಕೊಳ್ಳಬೇಕಿಲ್ಲ.

ನಾನು ನೋಡಿದ ಕೇಸುಗಳಲ್ಲಿ ಜಾಸ್ತಿ ಹುಟ್ಟುವುದು ಸಂಬಳದಿಂದಲ್ಲ, ಕೆಲಸ ಬಿಡಿಸುವ ರೀತಿಯಿಂದ. ಸಿಟ್ಟಿನಲ್ಲಿ ಮೇಸ್ತ್ರಿ "ನಾಳೆಯಿಂದ ಬರಬೇಡ ಹೋಗು" ಅಂತ ವಾಟ್ಸಾಪಿನಲ್ಲಿ ವಾಯ್ಸ್ ಮೆಸೇಜ್ ಹಾಕುತ್ತಾನೆ. ಮುಗೀತು, ಅದೇ ಕೆಲಸದಿಂದ ತೆಗೆದದ್ದಕ್ಕೆ ಪುರಾವೆ. ನಿಮ್ಮ ಸೂಪರ್‌ವೈಸರ್‌ಗೆ ಮೊದಲು ಹೇಳಿ: ಯಾರನ್ನಾದರೂ ತೆಗೆಯುವ ಮಾತು ಬಂದರೆ ನನ್ನ ಹತ್ತಿರ ಕಳಿಸು, ನೀನು ಬಾಯಿ ಬಿಡಬೇಡ. ಸೇರುವಾಗಲೇ ಖಾಲಿ ಹಾಳೆಗೆ ಸಹಿ ಹಾಕಿಸಿಕೊಳ್ಳುವುದು, ಮಾರ್ಕ್ಸ್ ಕಾರ್ಡ್ ಒರಿಜಿನಲ್ ಇಟ್ಟುಕೊಳ್ಳುವುದು ನಮ್ಮ ಕಡೆ ಇನ್ನೂ ಇದೆ. ಅದು ನಿಮ್ಮನ್ನು ಕಾಪಾಡುವುದಿಲ್ಲ. ನಿಮ್ಮ ಮೇಲೇ ತಿರುಗುತ್ತದೆ.

ಆರ್ಡರ್ ಇಲ್ಲದೆ ಜನ ಕಮ್ಮಿ ಮಾಡಬೇಕಾಗಿ ಬಂದರೆ ದಾರಿ ಬೇರೆ. ಒಂದು ವರ್ಷದಲ್ಲಿ 240 ದಿನ ದುಡಿದವರಿಗೆ ಒಂದು ತಿಂಗಳ ನೋಟಿಸ್ ಅಥವಾ ಅದರ ಸಂಬಳ, ಜೊತೆಗೆ ಪ್ರತಿ ವರ್ಷದ ಸೇವೆಗೆ 15 ದಿನದ ಸಂಬಳ ಕೊಡಬೇಕು. ಸಾಮಾನ್ಯವಾಗಿ ಕೊನೆಗೆ ಸೇರಿದವರು ಮೊದಲು ಹೋಗಬೇಕು. ಮಾಲೀಕರ ಮುಖ ನೋಡಿ ಆರಿಸುವ ಹಾಗಿಲ್ಲ.

ಈಗ ಕಾನೂನಿನ ಚೌಕಟ್ಟು. 2025ರ ನವೆಂಬರ್ 21ರಿಂದ ಕೇಂದ್ರದ ನಾಲ್ಕು ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದಿವೆ. ನಿಮಗೆ ತಟ್ಟುವುದು ಇವು. ಎಲ್ಲರಿಗೂ ನೇಮಕಾತಿ ಪತ್ರ ಕೊಡಬೇಕು, ಹಳಬರಿಗೂ. ತಿಂಗಳ ಸಂಬಳ ಮುಂದಿನ ತಿಂಗಳ 7ರೊಳಗೆ ಕೊಡಬೇಕು. ಕೆಲಸ ಬಿಟ್ಟವರ ಬಾಕಿ ಸಂಬಳವನ್ನು ಎರಡು ಕೆಲಸದ ದಿನದೊಳಗೆ ಚುಕ್ತಾ ಮಾಡಬೇಕು. "ಮುಂದಿನ ತಿಂಗಳು ಬಾ ನೋಡೋಣ" ಇನ್ನು ನಡೆಯಲ್ಲ. ಓಟಿಗೆ, ಅಂದರೆ ಹೆಚ್ಚುವರಿ ಗಂಟೆಗಳ ಕೆಲಸಕ್ಕೆ, ಎರಡು ಪಟ್ಟು ಸಂಬಳ. 20 ಅಥವಾ ಜಾಸ್ತಿ ಕಾರ್ಮಿಕರಿದ್ದರೆ ಕುಂದುಕೊರತೆ ಸಮಿತಿ ಬೇಕು, ನಿಮಗೆ ಅದು ಬರುತ್ತದೆ. ಭತ್ಯೆಗಳೆಲ್ಲ ಸೇರಿ ಒಟ್ಟು ಸಂಬಳದ ಅರ್ಧ ದಾಟಿದರೆ, ದಾಟಿದಷ್ಟನ್ನು ಮೂಲ ಸಂಬಳಕ್ಕೇ (ಬೇಸಿಕ್‌ಗೆ) ಸೇರಿಸಿ ಲೆಕ್ಕ ಹಾಕಬೇಕು. ಬೇಸಿಕ್ ಸಣ್ಣದಾಗಿ ತೋರಿಸಿ ಗ್ರಾಚ್ಯುಟಿ (ಕೆಲಸ ಬಿಡುವಾಗ ಸೇವೆಯ ವರ್ಷಗಳಿಗೆ ಕೊಡುವ ಹಣ) ಉಳಿಸುವ ಹಳೇ ಉಪಾಯಕ್ಕೆ ಇದು ಬ್ರೇಕ್.

ಗ್ರಾಚ್ಯುಟಿ ಅಂದ ಮೇಲೆ ನೆನಪಾಯಿತು. ನಿಮ್ಮ ಆಪರೇಟರ್ ಐದು ವರ್ಷ ದಾಟಿದ್ದಾನೆ, ಕೆಲಸ ಬಿಟ್ಟರೂ ಅದು ಅವನ ಹಕ್ಕು. ಕೊನೆಯ ತಿಂಗಳ ಸಂಬಳವನ್ನು 26ರಿಂದ ಭಾಗಿಸಿ, 15ರಿಂದ ಗುಣಿಸಿ, ವರ್ಷಗಳಿಂದ ಗುಣಿಸಿ. ಉದಾಹರಣೆಗೆ 15,600 ಸಂಬಳ, ಆರು ವರ್ಷ ಅಂದರೆ 54,000 ರೂಪಾಯಿ. ನಿಗದಿತ ಅವಧಿಗೆ ನೇಮಕವಾದವರಿಗೆ ಈಗ ಒಂದು ವರ್ಷಕ್ಕೇ ಗ್ರಾಚ್ಯುಟಿ ಸಿಗುತ್ತದೆ. ಹೊಸಬರಿಗೆ "ಒಂದು ವರ್ಷದ ಕಾಂಟ್ರಾಕ್ಟ್" ಬರೆಯುವ ಮುಂಚೆ ಅದನ್ನು ಲೆಕ್ಕಕ್ಕೆ ಹಿಡಿಯಿರಿ.

ಪಿಎಫ್ 20 ಜನಕ್ಕೆ, ಇಎಸ್‌ಐ (ಕೆಲಸಗಾರರ ಸರ್ಕಾರಿ ವಿಮೆ) 10 ಜನಕ್ಕೆ ಶುರುವಾಗುತ್ತದೆ. ಕಾಂಟ್ರಾಕ್ಟರ್ ಕಡೆಯಿಂದ ಬಂದವರೂ ಎಣಿಕೆಗೆ ಸೇರುತ್ತಾರೆ. ಎರಡನ್ನೂ ಮುಂದಿನ ತಿಂಗಳ 15ರೊಳಗೆ ಕಟ್ಟಬೇಕು. ಕೆಲಸಗಾರನ ಪಾಲು ಸಂಬಳದಿಂದ ಹಿಡಿದುಕೊಂಡು ಕಟ್ಟದೆ ಇದ್ದರೆ ಅದು ನಂಬಿಕೆ ದ್ರೋಹ, ಕ್ರಿಮಿನಲ್ ಕೇಸಿಗೆ ದಾರಿ. ಕೈಯಲ್ಲಿ ಕಾಸಿಲ್ಲದ ತಿಂಗಳು ಬೇರೆ ಬಿಲ್ ತಡವಾಗಲಿ, ಇದು ಬೇಡ. ಇಎಸ್‌ಐ ಸಂಬಳ ಮಿತಿ 21,000; ಅದರ ಕೆಳಗಿರುವವರನ್ನು ಸೇರಿದ ದಿನವೇ ಹೆಸರು ಹಚ್ಚಿಸಿ. ಎರಡನೇ ದಿನ ಪ್ರೆಸ್ ಮೆಷಿನ್‌ನಲ್ಲಿ ಬೆರಳು ಹೋಗಬಾರದು ಅಂತೇನಿಲ್ಲವಲ್ಲ. ಇಎಸ್‌ಐಗೆ ಬರದವರಿಗೆ ಅಪಘಾತ ಪರಿಹಾರ ನಿಮ್ಮ ಜೇಬಿನಿಂದಲೇ. ಕಾಂಟ್ರಾಕ್ಟರ್ ಸಂಬಳ ಕೊಡದೆ ಓಡಿಹೋದರೂ ಕೊನೆಗೆ ನಿಮ್ಮ ಬಾಗಿಲಿಗೇ ಬರುತ್ತಾರೆ. ಹಾಗಾಗಿ ಅವನ ಬಿಲ್ ಪಾಸ್ ಮಾಡುವ ಮುಂಚೆ ಹಿಂದಿನ ತಿಂಗಳು ಪಿಎಫ್, ಇಎಸ್‌ಐ ಕಟ್ಟಿದ ಚಲನ್ ಮತ್ತು ಅದರ ಜೊತೆಗಿನ ಹೆಸರಿನ ಪಟ್ಟಿ ಕೇಳಿ, ಪಟ್ಟಿಯಲ್ಲಿ ನಿಮ್ಮಲ್ಲಿ ದುಡಿಯುವವರ ಹೆಸರಿದೆಯಾ ನೋಡಿ. ಚಲನ್ ಮೇಲಿನ ಮೊತ್ತ ಮಾತ್ರ ನೋಡಿದರೆ ಏನೂ ಗೊತ್ತಾಗಲ್ಲ.

ಲೈಂಗಿಕ ಕಿರುಕುಳ ತಡೆಯುವ 2013ರ ಕಾಯ್ದೆಯನ್ನು ನಮ್ಮ ಕಡೆ ಯಾರೂ ಗಂಭೀರವಾಗಿ ತೆಗೆದುಕೊಳ್ಳುವುದಿಲ್ಲ. 10 ಜನ ಇದ್ದರೆ ಆಂತರಿಕ ಸಮಿತಿ ಕಡ್ಡಾಯ. ಅಧ್ಯಕ್ಷರು ಹಿರಿಯ ಮಹಿಳಾ ಉದ್ಯೋಗಿ, ಅರ್ಧಕ್ಕೆ ಕಮ್ಮಿ ಇಲ್ಲದಷ್ಟು ಮಹಿಳೆಯರು, ಹೊರಗಿನ ಸದಸ್ಯರು ಒಬ್ಬರು. ಇಲ್ಲದಿದ್ದರೆ 50,000 ರೂಪಾಯಿವರೆಗೆ ದಂಡ. ದಂಡ ಹಾಗಿರಲಿ. ಪ್ಯಾಕಿಂಗ್‌ನಲ್ಲಿರುವ ಹುಡುಗಿ ದೂರು ತಂದಾಗ "ಸುಮ್ನೆ ಬಿಡಮ್ಮ, ಅವನು ತಮಾಷೆಗೆ ಅಂದಿದ್ದು" ಅಂತ ಮಾಲೀಕರೇ ಮುಚ್ಚಿಹಾಕಿದರೆ ಆಮೇಲೆ ಯಾವ ಕಾಗದವೂ ಕೈ ಹಿಡಿಯುವುದಿಲ್ಲ. ಹಿಡಿಯಲೂ ಬಾರದು.

ಲೇಬರ್ ಆಫೀಸಿನಿಂದ ನೋಟಿಸ್ ಬಂದರೆ ಹೆದರಿ ಮನೆಯಲ್ಲಿ ಕೂರಬೇಡಿ. ರಾಜಿ ಮಾತುಕತೆಗೆ ಕರೆದಿರುತ್ತಾರೆ. ಹಾಜರಿ ಪುಸ್ತಕ, ಸಂಬಳದ ದಾಖಲೆ, ಕಳಿಸಿದ ಪತ್ರಗಳನ್ನು ತೆಗೆದುಕೊಂಡು ಹೇಳಿದ ದಿನಕ್ಕೆ ಹೋಗಿ. ರಾಜಿ ಆದರೆ ಅಧಿಕಾರಿ ಮುಂದೆಯೇ ಬರೆಸಿ, ಇಬ್ಬರೂ ಸಹಿ ಹಾಕಿ, ಹಣವನ್ನು ಬ್ಯಾಂಕ್ ಖಾತೆಗೆ ಹಾಕಿ. ನಗದು ಕೊಡಲೇಬೇಡಿ.