ದೊಡ್ಡ ನಗರದಲ್ಲಿ ಸಂಗೀತ ಕಛೇರಿ ಎಂದರೆ ಭಯವಾಗುವುದಿಲ್ಲವೇ?

ದೊಡ್ಡ ನಗರದ ವೇದಿಕೆ ಏರುವಾಗ ಭಯವಾಗುವುದಿಲ್ಲವೇ, ಅಲ್ಲಿಯ ಕೇಳುಗರು ಬೇರೆ ತರಹದವರೇ ಎಂದು ಕೇಳಿದ್ದೀರಿ. ಭಯವಾಗುತ್ತದೆ, ಆದರೆ ನೀವು ಊಹಿಸಿರುವ ಕಾರಣಕ್ಕಲ್ಲ. ಕೊಳಲು ಹಿಡಿದು ಊರೂರು ಸುತ್ತಲು ಶುರುಮಾಡಿ ಹದಿನೆಂಟು ವರ್ಷವಾಯಿತು. ಈಗ ನನ್ನನ್ನು ಕಾಡುವುದು ಎದುರಿಗೆ ಕುಳಿತ ಸಾವಿರ ಜನರಲ್ಲ, ತಲೆಯ ಮೇಲೆ ತಣ್ಣಗೆ ಊದುವ ಎಸಿ.

ನಗಬೇಡಿ. ಒಮ್ಮೆ ಒಂದು ಭಾರಿ ಸಭಾಂಗಣದಲ್ಲಿ ಮಧ್ಯಾಹ್ನ ಧ್ವನಿ ಪರೀಕ್ಷೆ ಮುಗಿಸಿದೆವು. ವೇದಿಕೆ ಬೆಚ್ಚಗಿತ್ತು, ದೀಪಗಳೆಲ್ಲ ಉರಿಯುತ್ತಿದ್ದವು, ಶ್ರುತಿ ಕೂದಲೆಳೆಯಷ್ಟೂ ಕದಲದೆ ಕುಳಿತಿತ್ತು. ಸಂಜೆ ಜನ ತುಂಬಿದರು, ಅವರಿಗೆ ಸೆಕೆಯಾಗಬಾರದೆಂದು ಯಾರೋ ಎಸಿಯನ್ನು ಪೂರ್ತಿ ಹೆಚ್ಚಿಸಿದರು. ಅದರ ಕಿಂಡಿ ಸರಿಯಾಗಿ ನನ್ನ ನೆತ್ತಿಯ ಮೇಲೆ. ಆಲಾಪನೆಯ, ಅಂದರೆ ತಾಳವಿಲ್ಲದೆ ರಾಗವನ್ನು ಬಿಡಿಸುವ ಭಾಗದ, ಎರಡನೆಯ ಸುತ್ತಿಗೇ ಪಂಚಮ (‘ಪ’ ಸ್ವರ) ಹುಳಿಯಾಯಿತು, ಶ್ರುತಿಯಿಂದ ಜಾರಿತು.

ಗಾಳಿ ತಣ್ಣಗಾದಂತೆ ಅದರೊಳಗೆ ಶಬ್ದದ ವೇಗ ಕಡಿಮೆಯಾಗುತ್ತದೆ. 20 ಡಿಗ್ರಿ ಸೆಲ್ಸಿಯಸ್‌ನಲ್ಲಿ ಸೆಕೆಂಡಿಗೆ ಸುಮಾರು 343 ಮೀಟರ್. ಒಂದೊಂದು ಡಿಗ್ರಿ ಇಳಿದಾಗಲೂ ಸುಮಾರು 0.6 ಮೀಟರ್ ಇಳಿಯುತ್ತದೆ. ವೇಗ ಇಳಿದರೆ ಕೊಳಲಿನೊಳಗಿನ ಗಾಳಿಯ ಕಂಪನವೂ ನಿಧಾನವಾಗಿ ಸ್ವರ ತಗ್ಗುತ್ತದೆ. ಲೆಕ್ಕ ಹಾಕಿದರೆ ಎಂಟು ಡಿಗ್ರಿ ಇಳಿದಾಗ ಕೊಳಲು ಒಂದು ಅರ್ಧಸ್ವರದ (ಹಾರ್ಮೋನಿಯಂನ ಅಕ್ಕಪಕ್ಕದ ಎರಡು ಮನೆಗಳ ನಡುವಿನ ಅಂತರದ) ಕಾಲು ಭಾಗದಷ್ಟು ತಗ್ಗಬೇಕು. ಊದುವ ಉಸಿರು ಬೆಚ್ಚಗಿರುವುದರಿಂದ ಅಷ್ಟೂ ತಗ್ಗುವುದಿಲ್ಲ, ಆದರೆ ಕಿವಿಗೆ ಚುಚ್ಚುವಷ್ಟು ತಗ್ಗಿಯೇ ತಗ್ಗುತ್ತದೆ. ಪಕ್ಕದಲ್ಲಿದ್ದ ಪಿಟೀಲಿನ ಕಥೆ ತಿರುಗುಮುರುಗು: ಲೋಹದ ತಂತಿ ಚಳಿಗೆ ಬಿಗಿದು ಶ್ರುತಿ ಮೇಲೇರುತ್ತದೆ. ನಾನು ಕೆಳಗೆ, ಅವರು ಮೇಲೆ, ನಡುವೆ ಆಧಾರ ಸ್ವರವನ್ನು ಎಡೆಬಿಡದೆ ನುಡಿಸುವ ಎಲೆಕ್ಟ್ರಾನಿಕ್ ಶ್ರುತಿಪೆಟ್ಟಿಗೆ ಹಟಮಾರಿಯಂತೆ ನಿಂತಲ್ಲೇ ನಿಂತಿದೆ. ಪಿಟೀಲಿಗಾದರೋ ಬಿರಡೆ ಇದೆ, ತಿರುಗಿಸಿ ಸರಿಮಾಡಿಕೊಂಡರು. ಬಿದಿರಿಗೆ ಏನಿದೆ? ಕೊಳಲನ್ನು ತುಸು ಹೊರಕ್ಕೆ ಹೊರಳಿಸಿ, ಉಸಿರನ್ನು ಬಿಗಿಮಾಡಿ ನಲವತ್ತು ನಿಮಿಷ ಎಳೆದೆ. ಇಳಿದು ಬಂದಾಗ ಕೆಳತುಟಿ ಮರದ ತುಂಡಿನಂತಾಗಿತ್ತು. ಅಂದಿನಿಂದ ಒಂದೇ ಶ್ರುತಿಯ ಎರಡು ಕೊಳಲು ಒಯ್ಯುತ್ತೇನೆ, ಒಂದು ಕೈಯಲ್ಲಿ, ಇನ್ನೊಂದು ಶಾಲಿನ ಒಳಗೆ, ಮೈಯ ಕಾವಿಗೆ. ನೋಡುವವರಿಗೆ ಅದೊಂದು ಶೋಕಿಯಂತೆ ಕಾಣುತ್ತದೆ.

ಇನ್ನು ಸಭಾಂಗಣ. ಖಾಲಿ ಇರುವಾಗ ಕೇಳಿದ್ದನ್ನು ನಂಬಿದರೆ ಕೆಟ್ಟಿರಿ. ಮನುಷ್ಯನ ಮೈ, ಬಟ್ಟೆ ಎಲ್ಲವೂ ಶಬ್ದವನ್ನು ಕುಡಿಯುತ್ತವೆ. ಇದನ್ನು ಮೊದಲು ಲೆಕ್ಕಕ್ಕೆ ತಂದವನು ಹಾರ್ವರ್ಡ್‌ನ ಭೌತಶಾಸ್ತ್ರಜ್ಞ ವಾಲೇಸ್ ಸಾಬಿನ್. 1895ರಲ್ಲಿ, ಮಾತೇ ಅರ್ಥವಾಗದಷ್ಟು ಮೊಳಗುತ್ತಿದ್ದ ಒಂದು ಉಪನ್ಯಾಸ ಕೊಠಡಿಯನ್ನು ಸರಿಪಡಿಸುವ ಕೆಲಸ ಅವನ ಪಾಲಿಗೆ ಬಂತು. ಇನ್ನೊಂದು ಸಭಾಂಗಣದ ಆಸನದ ದಿಂಬುಗಳನ್ನು ಹೊತ್ತು ತಂದು ಹರಡುತ್ತಾ, ಆರ್ಗನ್ ವಾದ್ಯದ ಕೊಳವೆಯ ನಾದ ಅಡಗಲು ಎಷ್ಟು ಹೊತ್ತು ಹಿಡಿಯುತ್ತದೆಂದು ಅಳೆದ. ನಡುರಾತ್ರಿ ಕಳೆದ ಮೇಲೆಯೇ ಈ ಕೆಲಸ, ಏಕೆಂದರೆ ಹಗಲಿನಲ್ಲಿ ಬೀದಿಯ ಗದ್ದಲ. ನಗರದ ಸದ್ದಿಗೆ ಹೆದರಿ ಮೊದಲು ನಿದ್ದೆಗೆಟ್ಟವನು ನಾನಲ್ಲ ಎಂದು ಸಮಾಧಾನವಾಗುತ್ತದೆ. ಒಬ್ಬ ಮನುಷ್ಯ ಸುಮಾರು ಆರು ದಿಂಬುಗಳಷ್ಟು ಶಬ್ದ ಹೀರುತ್ತಾನೆಂದು ಅವನ ಅಳತೆ ಹೇಳಿತು. ಅವನ ಲೆಕ್ಕವನ್ನು ಆಧರಿಸಿ ಕಟ್ಟಿದ ಬಾಸ್ಟನ್ ಸಿಂಫನಿ ಹಾಲ್ 1900ರಲ್ಲಿ ತೆರೆಯಿತು.

ನನ್ನ ಪಾಲಿಗೆ ಇದರ ಅರ್ಥ ಇಷ್ಟು: ಖಾಲಿ ಆಸನಗಳ ಮುಂದೆ ಒಂದು ಬಿರುಸಿನ ಸ್ವರಗುಚ್ಛ ಒಂದರ ಮೇಲೊಂದು ಬಿದ್ದು ಕಲಸಿಹೋದರೆ ಗಾಬರಿಪಡುವುದಿಲ್ಲ. ಜನ ಬಂದು ಕುಳಿತರೆ ಅದೇ ಗುಚ್ಛ ಬಿಡಿಬಿಡಿಯಾಗಿ ಕೇಳುತ್ತದೆ. ಧ್ವನಿ ನಿಯಂತ್ರಿಸುವವರಿಗೂ ಅದನ್ನೇ ಹೇಳುತ್ತೇನೆ, ಅವರು ತಲೆಯಾಡಿಸಿ ತಮಗೆ ತೋಚಿದ್ದನ್ನೇ ಮಾಡುತ್ತಾರೆ.

ಕೇಳುಗರ ಬಗ್ಗೆ ಕೇಳಿದಿರಲ್ಲ. ನಗರದವರು ಹೆಚ್ಚು ತಿಳಿದವರು, ಸಣ್ಣ ಊರಿನವರು ಮುಗ್ಧರು ಎಂಬ ಮಾತನ್ನು ನಾನು ಒಪ್ಪುವುದಿಲ್ಲ. ತಾಳ ತಪ್ಪಿದ್ದನ್ನು ಹಿಡಿದುಕೊಟ್ಟವರು ಎರಡೂ ಕಡೆ ಸಿಕ್ಕಿದ್ದಾರೆ. ವ್ಯತ್ಯಾಸ ಇರುವುದು ದಣಿವಿನಲ್ಲಿ. ನಗರದ ಕೇಳುಗ ವಾಹನಗಳ ಸಾಲಿನಲ್ಲಿ ಸಿಕ್ಕಿಕೊಂಡು, ಅರ್ಧ ದಾರಿಯಲ್ಲಿ ಮರಳಿಬಿಡೋಣ ಎಂದುಕೊಂಡು, ಆದರೂ ಬಂದಿರುತ್ತಾನೆ. ಮೊದಲ ಹತ್ತು ನಿಮಿಷ ಅವನ ದೇಹ ಮಾತ್ರ ಕುರ್ಚಿಯಲ್ಲಿ, ಮನಸ್ಸು ಇನ್ನೂ ರಸ್ತೆಯಲ್ಲಿ. ಆ ಹೊತ್ತಿನಲ್ಲಿ ನನ್ನ ಅತ್ಯುತ್ತಮವಾದದ್ದನ್ನು ನುಡಿಸಿದರೆ ನಷ್ಟ ನನಗೇ. ಹಾಗಾಗಿ ಚಿಕ್ಕದೊಂದರಿಂದ ಆರಂಭಿಸಿ, ಬಾಗಿಲು ತೆರೆದು ಮುಚ್ಚುವ ಸದ್ದು ನಿಂತ ಮೇಲೆ ದೊಡ್ಡದಕ್ಕೆ ಕೈಹಾಕುತ್ತೇನೆ.

ಚೆನ್ನಾಗಿ ಒದಗದ ದಿನ ನಗರ ಒಂದು ಉಪಕಾರವನ್ನೂ ಮಾಡುತ್ತದೆ: ಮರುದಿನ ಬೆಳಗ್ಗೆ ರಸ್ತೆಯಲ್ಲಿ ಯಾರೂ ಗುರುತು ಹಿಡಿಯುವುದಿಲ್ಲ. ಚೆನ್ನಾಗಿ ಒದಗಿದ ದಿನವೂ ಹಿಡಿಯುವುದಿಲ್ಲ, ಅದು ಬೇರೆ ಮಾತು.

ಈಗೀಗ ಆಹ್ವಾನ ಬಂದರೆ ಸಂಭಾವನೆಗಿಂತ ಮೊದಲು ಎಸಿಯ ಕಿಂಡಿ ಎಲ್ಲಿದೆ ಎಂದು ಕೇಳುತ್ತೇನೆ. ಫೋನಿನ ಆ ಕಡೆ ಕೆಲವು ಕ್ಷಣ ಮೌನ. ಆಮೇಲೆ, "ನೋಡಿ ಹೇಳುತ್ತೇವೆ ಸರ್" ಎನ್ನುತ್ತಾರೆ. ಈವರೆಗೆ ಯಾರೂ ನೋಡಿ ಹೇಳಿಲ್ಲ.