ಸ್ಟೋಮಾ ಎಂದರೇನು? ಮುಟ್ಟಿದರೆ ನೋವಾಗುತ್ತದೆಯೇ?

ಕರುಳಿನ ಶಸ್ತ್ರಚಿಕಿತ್ಸೆಯಲ್ಲಿ, ಮಲ ಹೊರಹೋಗಲೆಂದು ಹೊಟ್ಟೆಯ ಮೇಲೆ ಮಾಡುವ ಬಾಯಿಯೇ ಸ್ಟೋಮಾ. ಗ್ರೀಕ್‌ನಲ್ಲಿ ಆ ಪದಕ್ಕೆ ಬಾಯಿ ಎಂದೇ ಅರ್ಥ. ದೊಡ್ಡ ಕರುಳಿನದು ಕೊಲಾಸ್ಟಮಿ, ಸಾಮಾನ್ಯವಾಗಿ ಎಡಗಡೆ. ಸಣ್ಣ ಕರುಳಿನ ಕೊನೆಯದು ಇಲಿಯಾಸ್ಟಮಿ, ಹೆಚ್ಚಾಗಿ ಬಲಗಡೆ.

ಮುಟ್ಟಿದರೆ ನೋವಾಗುವುದಿಲ್ಲ. ಚರ್ಮದಲ್ಲಿರುವಂತೆ ಸ್ಪರ್ಶ ತಿಳಿಸುವ ನರಗಳು ಅದಕ್ಕಿಲ್ಲ. ನಮ್ಮ ಮಾವನವರ ಸ್ಟೋಮಾದ ಮೇಲೆ ಅಂಟಿಸುವ, ಮಲ ತುಂಬಿಕೊಳ್ಳುವ ಚೀಲವನ್ನು ಮೊದಲ ಸಲ ಬದಲಿಸುವಾಗ ನನ್ನ ಕೈ ನಡುಗಿತ್ತು. ನೋಡಿದರೆ ಸ್ಟೋಮಾ ಕೆನ್ನೆಯ ಒಳಭಾಗದ ಹಾಗೆ ಕೆಂಪಗೆ, ಒದ್ದೆಯಾಗಿತ್ತು, ಅಷ್ಟೇ. ಒರೆಸುವಾಗ ಒಂದೆರಡು ಹನಿ ರಕ್ತ ಬಂದರೆ ಗಾಬರಿ ಬೇಡ. ಗುದದ್ವಾರಕ್ಕಿರುವ ಬಿಗಿ ಸ್ನಾಯು ಇಲ್ಲಿಲ್ಲ, ಅದಕ್ಕೇ ಚೀಲ. ನಿಜವಾಗಿ ಉರಿಯುವುದು ಮಲ ತಗುಲಿದ ಸುತ್ತಲಿನ ಚರ್ಮ. ಹಾಗಾಗಿ ಚೀಲದ ತೂತನ್ನು ಸ್ಟೋಮಾಕ್ಕಿಂತ 2–3 ಮಿ.ಮೀ. ಮಾತ್ರ ದೊಡ್ಡದಾಗಿ ಕತ್ತರಿಸಿ. ಸ್ಟೋಮಾದ ಬಣ್ಣ ಕಪ್ಪಾದರೆ ತಡಮಾಡದೆ ಆಸ್ಪತ್ರೆಗೆ ಹೋಗಿ.