ಟೆಕ್ಸಾಸಿನಲ್ಲಿ 51% ಬೋರ್ಡ್ ಕಂಡರೆ?

ಲೈಸೆನ್ಸ್ ಇದ್ದರೆ ಪಿಸ್ತೂಲು ಸೊಂಟದಲ್ಲಿಟ್ಟುಕೊಂಡು ಬಾರ್‌ಗೆ ಹೋಗಬಹುದಾ ಅಂತ ಕೇಳಿದ್ದೀರಿ. ಟೆಕ್ಸಾಸಿನಲ್ಲಿ ಬಾಗಿಲ ಬಳಿ ಕೆಂಪಕ್ಷರದ 51% ಬೋರ್ಡ್ ಇದ್ದರೆ ಆಗಲ್ಲ. ಅಲ್ಲೇ ಕುಡಿಯಲು ಮಾರುವ ಮದ್ಯದಿಂದಲೇ ಅರ್ಧಕ್ಕಿಂತ ಜಾಸ್ತಿ ಆದಾಯ ಬರುವ ಜಾಗ ಅದು. ನೀವು ಬರೀ ಕೋಕ್ ಕುಡಿದರೂ ಅಷ್ಟೇ. ಊಟದ ಜೊತೆ ಬಿಯರ್ ಕೊಡುವ ಹೋಟೆಲಾದರೆ 30.06 (ಟೆಕ್ಸಾಸ್ ದಂಡಸಂಹಿತೆಯ ಸೆಕ್ಷನ್ ನಂಬರ್) ಬೋರ್ಡ್ ಇದೆಯಾ ನೋಡಿ. ಇಂಗ್ಲಿಷ್, ಸ್ಪ್ಯಾನಿಷ್ ಎರಡರಲ್ಲೂ ಇರುತ್ತದೆ. ಅದಿದ್ದರೆ ಲೈಸೆನ್ಸ್ ಇದ್ದರೂ ಪಿಸ್ತೂಲನ್ನು ಅಂಗಿಯೊಳಗೆ ಮರೆಮಾಡಿಕೊಂಡು ಒಳಗೆ ಹೋಗುವಂತಿಲ್ಲ.

ಕಾರಿನಲ್ಲಿ ಬಿಡುವುದಾದರೆ ಪಾರ್ಕಿಂಗಿನಲ್ಲಿ ಪಿಸ್ತೂಲನ್ನು ಹೋಲ್ಸ್ಟರ್‌ನಿಂದ (ಪಿಸ್ತೂಲು ಇಡುವ ಚೀಲ) ಎಳೆಯಬೇಡಿ. ಹೋಲ್ಸ್ಟರ್ ಸಮೇತ ಬಿಚ್ಚಿ, ಸೀಟಿನ ಕೆಳಗೆ ಕೇಬಲ್‌ನಿಂದ ಬಿಗಿದ ಲಾಕ್‌ಬಾಕ್ಸಿನಲ್ಲಿಡಿ. ಗ್ಲೋವ್‌ಬಾಕ್ಸ್ ಸುಮ್ನೆ ನಂಬಬೇಡಿ, ಕಳ್ಳರಿಗೂ ಅದು ಗೊತ್ತು. ನಾನಂತೂ ಕುಡಿಯಲು ಹೊರಟ ದಿನ ಮನೆಯ ಸೇಫಿನಲ್ಲೇ ಇಟ್ಟು ಹೋಗುತ್ತೇನೆ. ಅಮಲಿನಲ್ಲಿ ಜೊತೆಗಿಟ್ಟುಕೊಂಡು ಓಡಾಡುವುದೂ ಅಪರಾಧವೇ ಅಲ್ವಾ.